ಆಸ್ಪತ್ರೆಗೂ ಮನೆಗೂ ನಡುವೆ ಒಂದು ಮನೆ



ಬಾಣಂತಿಯನ್ನು ಹನ್ನೊಂದನೆಯ ದಿನವೇ ಒಲೆ ಮುಂದೆ ಕೂರಿಸುವವರು ನಮ್ಮಲ್ಲಿ ಉಂಟೇ? ತವರಿನಲ್ಲಿ ಮೂರು ತಿಂಗಳೋ ಐದು ತಿಂಗಳೋ ಇಟ್ಟುಕೊಂಡು, ಎಣ್ಣೆನೀರು ಹಾಕಿ, ಪಥ್ಯ ಮಾಡಿಸಿ, ಮೈ ಗಟ್ಟಿಯಾದ ಮೇಲೆ ಕಳಿಸುತ್ತೇವೆ. ವಿಷಮಶೀತ ಜ್ವರದಿಂದ ಎದ್ದವರಿಗೂ ಗಂಜಿಯಿಂದ ಅನ್ನಕ್ಕೆ ಬರಲು ದಿನ ಕೊಡುತ್ತೇವೆ. ಆದರೆ ಮನಸ್ಸಿನ ಕಾಯಿಲೆಗೆ ಆಸ್ಪತ್ರೆಯಲ್ಲಿದ್ದು ಬಂದವರಿಗೆ ಮಾತ್ರ ಈ ಸೌಕರ್ಯ ಇಲ್ಲ. “ಡಾಕ್ಟರೇ ಕಳಿಸಿದ್ದಾರಲ್ಲ, ಇನ್ನೇನು?” ಅಂತ ಮರುದಿನವೇ ಕೆಲಸಕ್ಕೆ ಹಚ್ಚುವವರು ಕೆಲವರು. “ನೀನು ಏನೂ ಮುಟ್ಟಬೇಡ” ಅಂತ ಮೂಲೆಯಲ್ಲಿ ಕೂರಿಸುವವರು ಇನ್ನು ಕೆಲವರು. ಎರಡರಿಂದಲೂ ಉಪಕಾರವಿಲ್ಲ.

ಯಾಕೆ ಅಂತೀರಾ? ಔಷಧಿಯಿಂದ ನಿದ್ದೆ ಬರುತ್ತದೆ, ಭಯ ಕಡಿಮೆಯಾಗುತ್ತದೆ, ಕಿವಿಯಲ್ಲಿ ಕೇಳುವ ಮಾತು ನಿಲ್ಲುತ್ತದೆ. ಆದರೆ ಆಸ್ಪತ್ರೆಯಲ್ಲಿ ಊಟದ ಹೊತ್ತು ಬೇರೆಯವರು ಹೇಳುತ್ತಾರೆ, ಮಾತ್ರೆಯನ್ನು ನರ್ಸಮ್ಮ ಕೈಗೇ ಕೊಡುತ್ತಾರೆ. ಮನೆಗೆ ಬಂದ ಕೂಡಲೇ ಹಾಲಿನ ಲೆಕ್ಕ, ಸಾರಿಗೆ ಏನು ಅನ್ನೋ ಯೋಚನೆ, ಪಕ್ಕದ ಮನೆಯವರ “ಎಲ್ಲಿಗೆ ಹೋಗಿದ್ರಿ ಇಷ್ಟು ದಿನ?” ಅನ್ನುವ ಪ್ರಶ್ನೆ, ಎಲ್ಲ ಒಟ್ಟಿಗೇ ಮೇಲೆ ಬೀಳುತ್ತವೆ. ಆ ಗಲಿಬಿಲಿಯಲ್ಲಿ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದರೆ ಕಾಯಿಲೆ ಮರುಕಳಿಸುವ ಭಯ ಇದ್ದೇ ಇದೆ.

ಇದಕ್ಕೆಂದೇ ಆಸ್ಪತ್ರೆಗೂ ಮನೆಗೂ ನಡುವೆ ಒಂದು ಮೆಟ್ಟಿಲು ಬೇಕು. ಅದನ್ನು ಹಾಫ್‌ವೇ ಹೋಮ್ ಅಂತ ಕರೆಯುತ್ತಾರೆ. ಡಚ್ ದೇಶದ ಎಲಿ ಜಾನ್ಸೆನ್ ಎಂಬ ಯುವತಿ 1959ರಲ್ಲಿ ಲಂಡನ್ ಬಳಿಯ ರಿಚ್ಮಂಡ್‌ನಲ್ಲಿ ಇಂಥದೊಂದು ಮನೆ ಶುರುಮಾಡಿದರು. ಅಲ್ಲಿ ಹುಟ್ಟಿದ ರಿಚ್ಮಂಡ್ ಫೆಲೋಶಿಪ್‌ನ ಶಾಖೆ 1986ರಲ್ಲಿ ನಮ್ಮ ಬೆಂಗಳೂರಿಗೂ ಬಂತು. ಅದಕ್ಕೂ ಹಿಂದೆಯೇ, 1964ರಲ್ಲಿ, ಬೆಂಗಳೂರಿನಲ್ಲಿ ಮೆಡಿಕೋ ಪಾಸ್ಟರಲ್ ಅಸೋಸಿಯೇಷನ್ ಹುಟ್ಟಿತ್ತು. ಹಾಫ್‌ವೇ ಹೋಮ್ ನಡೆಸುವುದರಲ್ಲಿ ನಮ್ಮ ದೇಶದಲ್ಲೇ ಮೊದಲಿಗರ ಸಾಲಿನಲ್ಲಿ ಅದರ ಹೆಸರಿದೆ.

ಅಲ್ಲಿ ಏನು ಮಾಡುತ್ತಾರೆ? ದೊಡ್ಡದೇನಿಲ್ಲ, ನಾವು ನೀವು ದಿನಾ ಮಾಡುವುದೇ. ಹೊತ್ತಿಗೆ ಏಳುವುದು, ಹಾಸಿಗೆ ಮಡಿಸುವುದು, ಸರದಿಯಂತೆ ತರಕಾರಿ ಹೆಚ್ಚುವುದು, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವುದು, ತನ್ನ ಮಾತ್ರೆ ತಾನೇ ನೆನಪಿಟ್ಟು ನುಂಗುವುದು. ನೋಡಿಕೊಳ್ಳುವವರು ಜೊತೆಗೆ ಇರುತ್ತಾರೆ. ಡಾಕ್ಟರ ಸಲಹೆ ಮುಂದುವರಿಯುತ್ತದೆ. ಧೈರ್ಯ ಬಂದ ಹಾಗೆಲ್ಲ ಕೈಬಿಡುತ್ತಾ ಹೋಗುತ್ತಾರೆ, ಮಗುವಿಗೆ ಸೈಕಲ್ ಕಲಿಸಿದ ಹಾಗೆ.

ಇನ್ನು ಮನೆಯವರೇ ಬೇಡ ಅಂದವರ ಗತಿ? ಹೆಣ್ಣುಮಕ್ಕಳ ಪಾಲಿಗೆ ಇದೇ ದೊಡ್ಡ ಸಂಕಟ. ಗಂಡನ ಮನೆಯವರು ಬಾಗಿಲು ಹಾಕುತ್ತಾರೆ, ತವರಿನಲ್ಲಿ ಅಣ್ಣ ಅತ್ತಿಗೆ ಮುಖ ತಿರುಗಿಸುತ್ತಾರೆ. ವಾಸಿಯಾಗಿಯೂ ಆಸ್ಪತ್ರೆಯಲ್ಲೇ ವರ್ಷಗಟ್ಟಲೆ ಉಳಿದವರಿದ್ದಾರೆ. ಇಂಥವರಿಗಾಗಿ ಚೆನ್ನೈನ ‘ದಿ ಬ್ಯಾನಿಯನ್’ ಸಂಸ್ಥೆ 2015ರಲ್ಲಿ ‘ಹೋಮ್ ಎಗೇನ್’ ಎಂಬ ಕೆಲಸ ಆರಂಭಿಸಿತು. ಸಾಮಾನ್ಯ ಬೀದಿಯಲ್ಲಿ, ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ನಾಲ್ಕೈದು ಜನ ಒಂದು ಸಂಸಾರದಂತೆ ಇರುತ್ತಾರೆ. ಆಸರೆಗೆ ಕೆಲಸಗಾರರು ಇರುತ್ತಾರೆ. ಗೇಟಿಗೆ ಬೋರ್ಡಿಲ್ಲ, ಗೋಡೆಗೆ ನಂಬರಿಲ್ಲ. ಅದು ಅವರದೇ ಮನೆ.

ಕಾನೂನೂ ಇವರ ಪರವಾಗಿದೆ, ತಿಳಿದಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಮನೆಯವರು ಒಪ್ಪಲಿಲ್ಲ, ಹೋಗಲು ಜಾಗವಿಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ ಅಂತ ಅದು ಹೇಳುತ್ತದೆ. ಹಾಫ್‌ವೇ ಹೋಮ್, ಗ್ರೂಪ್ ಹೋಮ್‌ಗಳನ್ನು ಒದಗಿಸುವುದು ಸರ್ಕಾರದ ಕರ್ತವ್ಯ. ಮನೆಯವರು ಕೈಬಿಟ್ಟರೆ, ತನ್ನ ಮನೆಯಲ್ಲಿ ವಾಸಿಸುವ ಹಕ್ಕಿಗಾಗಿ ಸರ್ಕಾರದಿಂದ ಕಾನೂನಿನ ನೆರವನ್ನೂ ಕೇಳಬಹುದು.

ನಿಮ್ಮ ಮನೆಯಲ್ಲೇ ಇಂಥ ಸಂದರ್ಭ ಬಂದರೆ, ಬಿಡುಗಡೆಯ ದಿನದವರೆಗೆ ಕಾಯಬೇಡಿ. ಮೊದಲೇ ಡಾಕ್ಟರನ್ನೂ ಆಸ್ಪತ್ರೆಯ ಸೋಷಿಯಲ್ ವರ್ಕರನ್ನೂ ಕಂಡು, “ಮುಂದೆ ಎಲ್ಲಿ, ಹೇಗೆ?” ಅಂತ ಕೇಳಿ. ಕಾಯಿಲೆಯಿಂದ ಎದ್ದವರನ್ನೂ ಆ ಮಾತಿನಲ್ಲಿ ಕೂರಿಸಿಕೊಳ್ಳಿ. ಇರಬೇಕಾದವರು ಅವರು ತಾನೇ? ಹಾಫ್‌ವೇ ಹೋಮ್ ನೋಡಲು ಹೋದಾಗ ಸಂಕೋಚ ಬಿಟ್ಟು ವಿಚಾರಿಸಿ: ಕಾಯ್ದೆಯ ಪ್ರಕಾರ ನೋಂದಣಿ ಆಗಿದೆಯೇ? ತಿಂಗಳಿಗೆ ಖರ್ಚೆಷ್ಟು? ನಾವು ಬಂದು ಹೋಗಬಹುದೇ, ಫೋನು ಮಾಡಬಹುದೇ? ಎಷ್ಟು ದಿನ ಇರಬಹುದು, ಆಮೇಲೆ ಏನು? ಬಾಗಿಲಿಗೆ ಬೀಗ ಹಾಕಿ ಕೂರಿಸುವ ಜಾಗವಾದರೆ ಬೇಡವೇ ಬೇಡ. ಇರುವ ಊರಲ್ಲಿ ಕೇಳಲು ಯಾರೂ ಇಲ್ಲವೆಂದರೆ 14416ಕ್ಕೆ ಫೋನು ಮಾಡಿ. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಇಂಥ ಮನೆಗೆ ಸೇರಿಸಿದರೆ “ಮಗಳನ್ನು ದೂರ ತಳ್ಳಿದರು” ಅಂತ ನೆಂಟರು ಆಡಿಕೊಳ್ಳಬಹುದು. ಬಾಣಂತನಕ್ಕೆ ಕಳಿಸಿದ ಸೊಸೆಯನ್ನು ತಳ್ಳಿದರು ಅಂತ ಯಾರಾದರೂ ಅನ್ನುತ್ತಾರೆಯೇ? ವಾರಕ್ಕೊಮ್ಮೆ ಹೋಗಿ ಬನ್ನಿ. ಹಬ್ಬಕ್ಕೆ ಕರೆತನ್ನಿ. ಅವಳು ಮಾಡಿದ ಚಪಾತಿ ಸೊಟ್ಟಗಿದ್ದರೂ ಚೆನ್ನಾಗಿದೆ ಅಂತ ಇನ್ನೊಂದು ಹಾಕಿಸಿಕೊಳ್ಳಿ.

ನಾಳೆ ನಿಮ್ಮ ಬೀದಿಯಲ್ಲೇ ಇಂಥ ನಾಲ್ವರು ಹೆಂಗಸರಿಗೆ ಬಾಡಿಗೆ ಮನೆ ಬೇಕಾದೀತು. ಆಗ ಓಣಿಯವರೆಲ್ಲ ಸೇರಿ “ಬೇಡ” ಅಂದರೆ, ಔಷಧಿ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ನೀವೊಬ್ಬರು “ಇರಲಿ ಬಿಡಿ” ಅನ್ನಿ. ಮುಂದಿನ ಶುಕ್ರವಾರ ಅರಿಶಿನ ಕುಂಕುಮಕ್ಕೂ ಕರೆಯಿರಿ. ಒಳಗೆ ಬಂದು ಕೂತು ಒಂದು ಲೋಟ ಪಾನಕ ಕುಡಿದು ಹೋಗಲಿ.