ಯಂತ್ರ ಮಾರಿದರೆ ಸಾಲದು, ಬಿಡಿಭಾಗವೂ ದೊರೆಯಬೇಕು

2020ರ ಲಾಕ್‌ಡೌನ್ ಕಾಲದಲ್ಲಿ ಮನೆಗೆಲಸದವರು ಬಾರದಾದಾಗ ಡಿಶ್‌ವಾಷರ್‌ಗಳಿಗೆ ಬೇಡಿಕೆ ಹೆಚ್ಚಿತು. ಆಗ ಯಲಹಂಕ, ಹೆಬ್ಬಾಳದ ಮನೆಗಳನ್ನು ಸೇರಿದ ಯಂತ್ರಗಳಿಗೆ ಈಗ ದುರಸ್ತಿಯ ಕಾಲ.

ಕೊಳವೆ ಬಾವಿಯ ನೀರು ಗಡಸಾಗಿರುವಲ್ಲಿ ಯಂತ್ರದ ತೊಟ್ಟಿಗೆ ಅದಕ್ಕೆಂದೇ ಇರುವ ಉಪ್ಪನ್ನು ತುಂಬದಿದ್ದರೆ, ನೀರು ಚಿಮ್ಮುವ ರಂಧ್ರಗಳಲ್ಲಿ ಸುಣ್ಣ ಕಟ್ಟುತ್ತದೆ. ಫಿಲ್ಟರನ್ನೂ ಆಗಾಗ ತೊಳೆಯಬೇಕು. ಇದನ್ನು ಮಾರಾಟದ ದಿನವೇ ತಿಳಿಸುವುದು ವರ್ತಕರ ಕರ್ತವ್ಯ.

ಬಿಡಿಭಾಗ ಕೊಡುವಾಗ ಬ್ರಾಂಡಿನ ಹೆಸರಷ್ಟೇ ಸಾಲದು. ಸಾಮಾನ್ಯವಾಗಿ ಬಾಗಿಲಿನ ಅಂಚಿನಲ್ಲಿರುವ ಮಾದರಿ ಸಂಖ್ಯೆಯನ್ನು ನೋಡಿಯೇ ಕೊಡಬೇಕು. ಹೊಂದದ ಗ್ಯಾಸ್ಕೆಟ್‌ನಿಂದ ನೀರು ಸೋರುತ್ತದೆ, ಅಂಗಡಿಯ ಹೆಸರೂ ಕೆಡುತ್ತದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ‘ದುರಸ್ತಿಯ ಹಕ್ಕು’ ಜಾಲತಾಣವನ್ನು ಆರಂಭಿಸಿತು. ಆದರೆ ಜಾಲತಾಣವು ಮಾಹಿತಿ ನೀಡೀತೇ ಹೊರತು ಬಿಡಿಭಾಗವನ್ನು ತಯಾರಿಸದು. ಯಶವಂತಪುರಕ್ಕೆ ಸಮೀಪದ ಪೀಣ್ಯದಲ್ಲಿ ರಬ್ಬರ್, ಪ್ಲಾಸ್ಟಿಕ್ ಅಚ್ಚಿನ ಕೆಲಸ ಬಲ್ಲ ಸಣ್ಣ ಘಟಕಗಳಿವೆ. ಪಾತ್ರೆ ಬುಟ್ಟಿಯ ಗಾಲಿ, ಗ್ಯಾಸ್ಕೆಟ್ ಮೊದಲಾದವನ್ನು ಬಿಸಿನೀರು, ಕ್ಷಾರಗಳನ್ನು ತಾಳುವಂತೆ ಅವು ತಯಾರಿಸಬಹುದು. ವಿದ್ಯುತ್ ಭಾಗಗಳು ಮಾತ್ರ ಮೂಲ ಕಂಪನಿಯವೇ ಇರಲಿ. ಯಾವ ಮಾದರಿಯ ಯಾವ ಭಾಗಕ್ಕೆ ಬೇಡಿಕೆಯಿದೆ ಎಂಬ ಲೆಕ್ಕವನ್ನು ವರ್ತಕರು ತಯಾರಕರಿಗೆ ಒದಗಿಸಬೇಕು. ಪುಟ್ಟ ಗಾಲಿಯೊಂದು ಸಿಗದೆ ಇಡೀ ಯಂತ್ರವೇ ಗುಜರಿ ಸೇರುವುದು ಯಾರಿಗೂ ಲಾಭವಲ್ಲ.