ಜೀನಿನ ಪಕ್ಕದ ಟಿಪ್ಪಣಿಗೆ ಪುರಾವೆ ಬೇಕು

ಹೃದಯದ ಸ್ನಾಯುವಿಗೆ ಬೇಕಾದ ಪ್ರೋಟೀನೊಂದನ್ನು ತಯಾರಿಸುವ ಜೀನಿನ ಹೆಸರು ಎಂವೈಬಿಪಿಸಿ3. ಅದರಲ್ಲಿ 25 ಅಕ್ಷರಗಳ ಒಂದು ತುಣುಕು ದಕ್ಷಿಣ ಏಷ್ಯಾದ ನೂರು ಜನರಲ್ಲಿ ಸುಮಾರು ನಾಲ್ವರಿಗೆ ಇರುವುದೇ ಇಲ್ಲ. ಇದರಿಂದ ಹೃದಯ ವೈಫಲ್ಯದ ಅಪಾಯ ಹೆಚ್ಚುತ್ತದೆ ಎಂದು 2009ರಲ್ಲಿ ವರದಿಯಾಯಿತು. 2018ರ ಅಧ್ಯಯನ ಅದನ್ನು ತಿದ್ದಿತು: ತುಣುಕು ಕಳೆದುಕೊಂಡವರ ಪೈಕಿ, ಅದೇ ಜೀನಿನಲ್ಲಿ ಇನ್ನೊಂದು ಬದಲಾವಣೆಯನ್ನೂ ಹೊತ್ತ ಕೆಲವರಲ್ಲಿ ಮಾತ್ರ ಹೃದಯದ ಕೆಲಸದಲ್ಲಿ ಏರುಪೇರು ಕಂಡಿತ್ತು. ಹಾಗಾದರೆ ಉಳಿದ ಕೋಟ್ಯಂತರ ಜನರ ಪರೀಕ್ಷಾ ವರದಿಯಲ್ಲಿ ಏನೆಂದು ಬರೆಯಬೇಕು? ದತ್ತಾಂಶಕೋಶದಲ್ಲಿ ಆ ಜೀನಿನ ಪಕ್ಕದಲ್ಲಿರುವ ಟಿಪ್ಪಣಿಯನ್ನು ನೋಡಿಯೇ ಬರೆಯಬೇಕು. ಹಾಗಾಗಿ ಟಿಪ್ಪಣಿ ಏನು ಹೇಳುತ್ತದೆ ಎಂಬುದರಷ್ಟೇ ಅದು ಯಾವ ಪುರಾವೆಯ ಮೇಲೆ ನಿಂತಿದೆ ಎಂಬುದೂ ಮುಖ್ಯ.

ಮನುಷ್ಯನ ಜೀನೋಮಿನ ಸುಮಾರು 300 ಕೋಟಿ ಅಕ್ಷರಗಳನ್ನು ಓದುವ ಯೋಜನೆ 2003ರಲ್ಲೇ ಮುಗಿಯಿತು, ಆಗ ಬಿಟ್ಟುಹೋದ ಬಹುತೇಕ ಭಾಗಗಳು 2022ರಲ್ಲಿ ಭರ್ತಿಯಾದವು. ಪ್ರೋಟೀನ್ ತಯಾರಿಸುವ ಸುಮಾರು 20 ಸಾವಿರ ಜೀನ್‌ಗಳ ಕೆಲಸವನ್ನು ಗುರುತಿಸುವುದು ಮಾತ್ರ ಇನ್ನೂ ನಡೆದೇ ಇದೆ. ಗೊತ್ತಿಲ್ಲದ ಜೀನ್ ಎದುರಾದರೆ ಕಂಪ್ಯೂಟರ್ ಹೋಲಿಕೆ ಹುಡುಕುತ್ತದೆ. ಯೀಸ್ಟಿನಲ್ಲೋ ಇಲಿಯಲ್ಲೋ ಅದರಂಥದೇ ಅಕ್ಷರಸಾಲು ಸಿಕ್ಕರೆ ಆ ಸಾಲಿನ ಕೆಲಸವನ್ನೇ ಇದಕ್ಕೂ ಬರೆಯುತ್ತದೆ. ಈ ಊಹೆ ಎಷ್ಟೋ ಸಲ ಸರಿಯಾಗುತ್ತದೆ. ತಪ್ಪಿದಾಗ ಮಾತ್ರ, ಓಲೆಗರಿಯಲ್ಲಿ ಲಿಪಿಕಾರನೊಬ್ಬ ಮಾಡಿದ ತಪ್ಪು ಮುಂದಿನ ಪ್ರತಿಗಳಿಗೆಲ್ಲ ಇಳಿದಂತೆ, ಅದು ಒಂದು ಜೀನಿನಿಂದ ಇನ್ನೊಂದಕ್ಕೆ ದಾಟುತ್ತದೆ. 37 ಕಿಣ್ವ ಕುಟುಂಬಗಳನ್ನು ಪರಿಶೀಲಿಸಿದ 2009ರ ಅಧ್ಯಯನದಲ್ಲಿ, ತಜ್ಞರು ಕೂತು ಓದಿ ಬರೆಯುವ ಸ್ವಿಸ್-ಪ್ರಾಟ್ ದತ್ತಾಂಶಕೋಶದಲ್ಲಿ ತಪ್ಪು ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಯಂತ್ರದ ಊಹೆಯನ್ನೇ ಹೆಚ್ಚು ನೆಚ್ಚಿದ ಕೋಶಗಳಲ್ಲಿ ಬಹಳವಿತ್ತು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ತಜ್ಞರೇಕೆ ಎಂದು ಕೇಳುವವರಿದ್ದಾರೆ. 2023ರಲ್ಲಿ ಆಲ್ಫಾಮಿಸೆನ್ಸ್ ಎಂಬ ಅಂಥ ಮಾದರಿ, ಪ್ರೋಟೀನಿನ ಒಂದು ಅಮೈನೊ ಆಮ್ಲವನ್ನು ಬದಲಿಸುವ 7.1 ಕೋಟಿ ಸಾಧ್ಯ ವ್ಯತ್ಯಾಸಗಳ ಪೈಕಿ ಶೇ 89ರಷ್ಟನ್ನು ಅಪಾಯಕಾರಿ ಅಥವಾ ನಿರಪಾಯ ಎಂದು ವಿಂಗಡಿಸಿತು. ದೊಡ್ಡ ಸಾಧನೆಯೇ ಸರಿ. ಆದರೆ ಆ ತೀರ್ಪು ಸರಿಯೇ ಎಂದು ಅಳೆದು ನೋಡಲು ತಜ್ಞರು ರೋಗಿಗಳ ಸಾಕ್ಷ್ಯವನ್ನು ಒರೆಗೆ ಹಚ್ಚಿ ಬರೆದ ಟಿಪ್ಪಣಿಗಳೇ ಬೇಕು. ಪ್ರೋಟೀನಿಗೆ ಧಕ್ಕೆಯಾಗುತ್ತದೆ ಎನ್ನುವುದೂ ಈ ಮನುಷ್ಯನಿಗೆ ಕಾಯಿಲೆ ಬರುತ್ತದೆ ಎನ್ನುವುದೂ ಒಂದೇ ಅಲ್ಲ. ತಜ್ಞರ ಕೆಲಸ ನಿಧಾನ, ದುಬಾರಿ ಎಂಬ ಇನ್ನೊಂದು ಆಕ್ಷೇಪ ನಿಜ. ಎಲ್ಲವನ್ನೂ ಅವರೇ ಓದಬೇಕಿಲ್ಲ. ಯಂತ್ರದ ಊಹೆ ಯಾವುದು, ಪ್ರಯೋಗದಿಂದ ತಿಳಿದದ್ದು ಯಾವುದು ಎಂದು ಬೇರೆ ಬೇರೆ ಗುರುತು ಹಾಕಿದರೆ ಅರ್ಧ ಅಪಾಯ ತಪ್ಪುತ್ತದೆ. ಜೀನ್‌ಗಳ ಕೆಲಸವನ್ನು ವರ್ಗೀಕರಿಸುವ ಜೀನ್ ಆಂಟಾಲಜಿಯ ಪುರಾವೆ ಸಂಕೇತಗಳು ಇದನ್ನು ಬಹುಕಾಲದಿಂದ ಮಾಡುತ್ತಿವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ಸಿದ್ಧವಾದ, ಸುಮಾರು 10 ಸಾವಿರ ಭಾರತೀಯರ ಜೀನೋಮ್ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ಲಭ್ಯವಾಯಿತು. ಅದು ಫರೀದಾಬಾದಿನ ದತ್ತಾಂಶಕೋಶದಲ್ಲಿದೆ. ಇಂಥ ಕೆಲಸಕ್ಕೆ ಸಿಗುವ ಅನುದಾನದ ಮುಂದಿನ ಕಂತು ಇನ್ನಷ್ಟು ಜೀನೋಮ್ ಓದುವುದಕ್ಕೇ ಖರ್ಚಾಗಬಾರದು. ಈಗ ಕೈಯಲ್ಲಿರುವ ವ್ಯತ್ಯಾಸಗಳನ್ನು ನಮ್ಮ ರೋಗಿಗಳ ದಾಖಲೆಯೊಂದಿಗೆ ಹೋಲಿಸಿ, ಯಾವ ಸಮುದಾಯದಲ್ಲಿ, ಯಾವ ಪ್ರಯೋಗದಿಂದ, ಯಾವ ವರ್ಷ ತಿಳಿಯಿತು ಎಂದು ಬರೆದಿಡುವವರಿಗೆ, ಮತ್ತು 2018ರಲ್ಲಿ ಆದಂತೆ ಹಳೆಯ ಮಾತು ಬಿದ್ದುಹೋದಾಗ ಟಿಪ್ಪಣಿಯನ್ನು ತಿದ್ದುವವರಿಗೆ, ಕಾಯಂ ಹುದ್ದೆಗಳು ಬೇಕು.