ಈ ಸಲದ ಶಾಲು ಯಾರ ಹೆಗಲಿಗೆ?



ನವೆಂಬರ್ ಹತ್ತಿರವಾದರೆ ನಾಟಕದ ಹುಚ್ಚು ಹಿಡಿಸಿಕೊಂಡವರ ಬಾಯಲ್ಲಿ ಒಂದೇ ಮಾತು: ಈ ಸಲ ಯಾರಿಗೆ? ರಾಜ್ಯೋತ್ಸವ ಎಷ್ಟನೆಯದೋ ಪ್ರಶಸ್ತಿಗಳೂ ಅಷ್ಟೇ ಎಂಬ ಲೆಕ್ಕದಂತೆ 2023ರಲ್ಲಿ 68 ಜನಕ್ಕೆ ಸಂದಿತು, 2024ರಲ್ಲಿ 69. ಅದರಲ್ಲಿ ರಂಗಭೂಮಿಯ ಪಾಲೂ ಇರುತ್ತದೆ. ಅದಾದ ಮೇಲೆ ಸಾಣೇಹಳ್ಳಿಯ ನಾಟಕೋತ್ಸವ, ಅಲ್ಲಿ ರಂಗಕರ್ಮಿಯೊಬ್ಬರಿಗೆ ಶ್ರೀ ಶಿವಕುಮಾರ ಪ್ರಶಸ್ತಿ. ಮಠವೊಂದು ಬಣ್ಣ ಹಚ್ಚುವವರನ್ನು ಕರೆದು ಗೌರವಿಸುವುದು ದೂರದವರಿಗೆ ಸೋಜಿಗವಾದೀತು. ನಮಗೆ ಹಾಗಲ್ಲ. ಸಿರಿಗೆರೆಯ ಹಿರಿಯ ಗುರುಗಳಾದ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ತಾವೇ ‘ಮರಣವೇ ಮಹಾನವಮಿ’ ನಾಟಕ ಬರೆದವರು. ಅವರ ಹೆಸರಿನ ಕಲಾಸಂಘ ಸಾಣೇಹಳ್ಳಿಯಲ್ಲಿ 1987ರಲ್ಲಿ ಹುಟ್ಟಿತು. 1997ರಿಂದ ಶಿವಸಂಚಾರ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ಊರೂರು ತಿರುಗುತ್ತಿದೆ.

ನಾವೂ ಒಂದು ಊಹೆ ಮಾಡಿಬಿಡೋಣ. ತಪ್ಪಾದರೆ ಮುಂದಿನ ಸಂಚಿಕೆಯಲ್ಲಿ ಓದುಗರು ನಗಬಹುದು. ರಾಜ್ಯೋತ್ಸವದ ಪಟ್ಟಿಯಲ್ಲಿ ಬೆಂಗಳೂರಿನ ಹವ್ಯಾಸಿ ತಂಡದ ನಿರ್ದೇಶಕರೊಬ್ಬರು ಇರುತ್ತಾರೆ. ಉತ್ತರ ಕರ್ನಾಟಕದ ವೃತ್ತಿ ಕಂಪನಿಯ ಹಿರಿಯರೊಬ್ಬರು ಇರುತ್ತಾರೆ, ಎಂಬತ್ತು ದಾಟಿದವರು, ಕೈಹಿಡಿದು ವೇದಿಕೆ ಹತ್ತಿಸಬೇಕಾದವರು. ನಮ್ಮ ಕಡೆಯಿಂದ ಬಂದರೆ ಪೌರಾಣಿಕ ನಾಟಕದ ಒಬ್ಬ ದುರ್ಯೋಧನನೋ ಭೀಮನೋ ಬರಬಹುದು. ಹಾರ್ಮೋನಿಯಂ ಮೇಷ್ಟ್ರಿಗೆ ಬರುವುದು ನಾಲ್ಕಾಣೆ ಸಂಭವ. ಸೀನರಿ ಕಟ್ಟುವವನಿಗೆ ಅದೂ ಇಲ್ಲ. ಸಾಣೇಹಳ್ಳಿಯ ಶಾಲು ಮಾತ್ರ ಹಳ್ಳಿಯಲ್ಲಿ ಕೂತು ವರ್ಷಗಟ್ಟಲೆ ದುಡಿದ ಯಾರಾದರೊಬ್ಬರ ಹೆಗಲಿಗೆ ಬೀಳಲಿ ಎಂದು ನಮ್ಮ ಆಸೆ. ಇವರ್‍ಯಾರಿಗೆ ಬಂದರೂ ನಮ್ಮ ತಕರಾರಿಲ್ಲ.

ಯಾವ ಪಟ್ಟಿಯಲ್ಲೂ ಬರಲಾರದವರು ಒಬ್ಬರಿದ್ದಾರೆ. ಕಣಕಟ್ಟೆ ಹೋಬಳಿಯ ಓದುಗರಿಗೆ ಅವರು ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ.

ಸುಗ್ಗಿ ಮುಗಿದು ಜಾತ್ರೆಯ ದಿನಗಳು ಬಂದರೆ ನಮ್ಮ ಸೀಮೆಯಲ್ಲಿ ‘ಕುರುಕ್ಷೇತ್ರ’ ಇಲ್ಲದ ಊರು ಕಡಿಮೆ. ಮೇಷ್ಟ್ರು ಎರಡು ಮೂರು ತಿಂಗಳು ಪ್ರಾಕ್ಟೀಸ್ ಕೊಡುತ್ತಾರೆ. ಪಾತ್ರಕ್ಕಿಷ್ಟು ಎಂದು ಪಾತ್ರಧಾರಿಗಳೇ ದುಡ್ಡು ಹಾಕುತ್ತಾರೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು. ಕೊಬ್ಬರಿ ಮಾರಿದ ಹಣ ಕಿರೀಟಕ್ಕೆ ಹೋಯಿತೆಂದು ಮನೆಯಲ್ಲಿ ಜಗಳವಾಗುವುದೂ ಉಂಟು. ಗಂಡು ಪಾತ್ರಗಳೆಲ್ಲ ಊರವರದೇ. ದ್ರೌಪದಿ, ಕುಂತಿ, ರುಕ್ಮಿಣಿಯರನ್ನು ಮಾತ್ರ ಹೊರಗಿನಿಂದ ಕರೆಸಬೇಕು, ಯಾಕೆಂದರೆ ನಮ್ಮ ಹೆಣ್ಣುಮಕ್ಕಳನ್ನು ನಾವು ಆ ರಂಗಕ್ಕೆ ಹತ್ತಿಸುವುದಿಲ್ಲ. ಸಂಜೆ ಬಸ್ಸಿಗೆ ಇಳಿದು, ಮುಖಕ್ಕೆ ಬಣ್ಣ ಹಚ್ಚಿ, ಪ್ರಾಕ್ಟೀಸಿಗೇ ಬರದೆ ಇಡೀ ರಾತ್ರಿಯ ಕಂದ, ವೃತ್ತ, ಮಾತು ಒಪ್ಪಿಸಿ, ಎದುರಿನವನು ಮಾತು ಮರೆತಾಗ ಮೆಲ್ಲಗೆ ಎತ್ತಿಕೊಟ್ಟು, ಬೆಳಗಿನ ಬಸ್ಸು ಹಿಡಿಯುವ ಈ ಹೆಂಗಸಿಗಿಂತ ದೊಡ್ಡ ಕಸುಬುದಾರರು ಆ ರಂಗದ ಮೇಲೆ ಇನ್ನೊಬ್ಬರಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ಕಂಡದ್ದು ಮರೆಯುತ್ತಿಲ್ಲ. ರಾತ್ರಿ ಒಂದು ಗಂಟೆಯ ಮೇಲಾಗಿತ್ತು. ಮುಡಿ ಬಿಚ್ಚಿದ ದ್ರೌಪದಿ ರಂಗಕ್ಕೆ ಬಂದು ಒಂದು ಪದ್ಯ ಎತ್ತುವಷ್ಟರಲ್ಲಿ ನಾಟಕ ನಿಲ್ಲಿಸಿದರು. ಗಣ್ಯರ ಸನ್ಮಾನ! ಶಾಮಿಯಾನ ಕೊಡಿಸಿದವರು, ಮೈಕಿನವರು, ಮುಖಂಡರು, ಮುಖಂಡರ ಜೊತೆ ಕಾರಿನಲ್ಲಿ ಬಂದವರು, ಎಲ್ಲರಿಗೂ ಶಾಲು, ಹಾರ, ಎರಡೆರಡು ಮಾತು. ಅರ್ಧ ಗಂಟೆ ಆ ತಾಯಿ ಪರದೆಯ ಬದಿಯಲ್ಲಿ ನಿಂತೇ ಇದ್ದರು. ಶಾಲುಗಳು ಮುಗಿದವು. ಮತ್ತೆ ಅದೇ ಪದ್ಯ, ಅದೇ ಶ್ರುತಿಯಲ್ಲಿ ಎತ್ತಿದರು. ಊಟದ ಹೊತ್ತಿಗೆ ಅವರ ಎಲೆ ಪಂಕ್ತಿಯಲ್ಲಿರಲಿಲ್ಲ, ಪೆಟ್ಟಿಗೆಗಳ ಪಕ್ಕದಲ್ಲಿತ್ತು. ಅಲ್ಲಿದ್ದವರಲ್ಲಿ ಹಲವರ ಕೊರಳಲ್ಲಿ ಇಷ್ಟಲಿಂಗವಿತ್ತು. ನಾವೂ ಅಲ್ಲೇ ಇದ್ದೆವು, ಏನೂ ಅನ್ನಲಿಲ್ಲ.

ಬಹುರೂಪಿ ಚೌಡಯ್ಯನನ್ನು, ನಗೆಯ ಮಾರಿತಂದೆಯನ್ನು ಶರಣರೆಂದು ನೆನೆಯುವ ಪರಂಪರೆ ನಮ್ಮದು. ವೇಷ ಹಾಕುವುದೂ ನಗಿಸುವುದೂ ಕಾಯಕವೆಂದು ಹನ್ನೆರಡನೆಯ ಶತಮಾನ ಒಪ್ಪಿತು. ಸೂಳೆ ಸಂಕವ್ವೆಯ ಒಂದೇ ವಚನ ಉಳಿದಿದ್ದರೂ ಅದನ್ನು ವಚನಗಳ ಜೊತೆಗೇ ಇಟ್ಟು ಓದುತ್ತೇವೆ. ಹೀಗಿದ್ದೂ ದ್ರೌಪದಿಯ ಪಾತ್ರದವರು ಯಾವ ಜಾತಿ, ಎಂಥ ಮನೆಯವರು ಎಂದು ಚೌಕಿಯಲ್ಲಿ ಪಿಸುಗುಟ್ಟುವವರು ಮಾರನೆಯ ದಿನ ಬಸವ ಜಯಂತಿಯ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ.

ನಟಿಯರಿಗೆ ಗೌರವವೇ ಸಿಕ್ಕಿಲ್ಲ ಎನ್ನಲಾಗದು. ದಾವಣಗೆರೆಯ ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು, ನಾಟಕ ಅಕಾಡೆಮಿಯ ಅಧ್ಯಕ್ಷರೂ ಆದರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ‘ರಕ್ತರಾತ್ರಿ’ಯ ದ್ರೌಪದಿಯಾಗಿ ಮನೆಮಾತಾದರು. ಆದರೆ ಅವರ ಬೆನ್ನಿಗೆ ಕಂಪನಿಯ ಬೋರ್ಡಿತ್ತು, ತಿಂಗಳುಗಟ್ಟಲೆ ಒಂದೇ ಊರಿನಲ್ಲಿ ಕ್ಯಾಂಪ್ ಇತ್ತು, ನೋಡಿದವರು ಮತ್ತೆ ನೋಡಲು ಬರುತ್ತಿದ್ದರು. ನಮ್ಮ ಹಳ್ಳಿಗಳಿಗೆ ಬರುವವರದು ಒಂದು ರಾತ್ರಿಯ ಪರಿಚಯ. ಕರಪತ್ರದಲ್ಲಿ ಹೆಸರು ಅಚ್ಚಾಗುತ್ತದೆ ನಿಜ. ಆ ಕರಪತ್ರ ಮರುದಿನ ಮಂಡಕ್ಕಿ ಕಟ್ಟಲು ಹೋಗುತ್ತದೆ. ಪ್ರಶಸ್ತಿಗೆ ಅರ್ಜಿ, ಪತ್ರಿಕೆಯ ತುಣುಕು, ಫೋಟೋ, ಶಿಫಾರಸು ಎಂದರೆ ಅವರು ಎಲ್ಲಿಂದ ತರಬೇಕು? ಆಯ್ಕೆ ಸಮಿತಿಯನ್ನು ಬೈಯುವುದು ಸುಲಭ. ಸಮಿತಿಯವರು ಕಾಣದ್ದನ್ನು ನಾವು ರಾತ್ರಿಯಿಡೀ ಕಂಡವರು, ಹೇಳಬೇಕಾದವರೂ ನಾವೇ.

ಆದ್ದರಿಂದ ಈ ಸಲ ಎರಡು ಕೋರಿಕೆ. ನಮ್ಮ ಹೋಬಳಿಯಲ್ಲಿ ನಾಟಕ ಆಡಿಸುವ ಸಮಿತಿಗಳು ಮೊದಲ ಶಾಲನ್ನು ಸ್ತ್ರೀ ಪಾತ್ರದವರಿಗೆ ಹೊದಿಸಲಿ, ಅದೂ ನಾಟಕ ಶುರುವಾಗುವ ಮುನ್ನ. ಸಂಭಾವನೆಯನ್ನು ಬಣ್ಣ ಹಚ್ಚುವ ಮೊದಲೇ ಕೈಗಿಡಲಿ. ಎಲೆ ಎಲ್ಲರ ಪಂಕ್ತಿಯಲ್ಲೇ ಹಾಕಲಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಎರಡನೆಯದು ಓದುಗರಿಗೆ. ನಿಮ್ಮೂರಿಗೆ ಬಂದ ಕಲಾವಿದೆಯರ ಪೂರ್ತಿ ಹೆಸರು, ಊರು, ಎಷ್ಟು ವರ್ಷದಿಂದ ಆಡುತ್ತಿದ್ದಾರೆ, ಯಾವ ಯಾವ ಪಾತ್ರ ಎಂಬುದನ್ನು ಅವರನ್ನೇ ಕೇಳಿ, ಅವರ ಒಪ್ಪಿಗೆ ಪಡೆದು, ಒಂದು ಕಾಗದದಲ್ಲಿ ಬರೆದು ಪತ್ರಿಕೆಗೆ ಕಳುಹಿಸಿ. ಹಳೆಯ ಕರಪತ್ರ ಇದ್ದರೆ ಅದನ್ನೂ ಸೇರಿಸಿ. ಬಂದಷ್ಟನ್ನು ಒಟ್ಟುಮಾಡಿ ಅಕಾಡೆಮಿಗೂ ಸಾಣೇಹಳ್ಳಿಗೂ ನಾವೇ ಮುಟ್ಟಿಸುತ್ತೇವೆ. ಮೊದಲ ಕಾಗದ ನಮ್ಮದೇ ಆಗಬೇಕಿತ್ತು. ಆ ರಾತ್ರಿಯ ದ್ರೌಪದಿಯ ಹೆಸರನ್ನು ನಾವು ಕೇಳಿಕೊಂಡಿರಲಿಲ್ಲ. ಈಗ ಆ ಊರಿನ ಮೇಷ್ಟ್ರಿಗೆ ಹೇಳಿ ಕಳುಹಿಸಿದ್ದೇವೆ.